ಪಶ್ಚಿಮದ ರೂಮಿನ ಹವಾಗುಣ

ಬೆಂಗಳೂರಿನವರಿಗೆ ತಮ್ಮದೆಂದು ಹೇಳಿಕೊಳ್ಳಲು ಬೇರೇನೂ ಉಳಿಯದಿದ್ದಾಗಲೂ ವೆದರ್ ಉಳಿದಿರುತ್ತದೆ. ಕೆರೆ ನುಂಗಿ ನೀರು ಕುಡಿದ ಊರು ಇದು. ಆದರೂ ಹೊರಗಿನಿಂದ ನೆಂಟರು ಬಂದರೆ ಸಾಕು, "ನಾವು ಚಿಕ್ಕವರಿದ್ದಾಗ ಇಲ್ಲಿ ಫ್ಯಾನೇ ಬೇಕಿರಲಿಲ್ಲ" ಎಂದು ಶುರು ಮಾಡುತ್ತೇವೆ, ಆ ತಂಗಾಳಿಯನ್ನು ನಮ್ಮ ತಾತನೇ ರುಬ್ಬಿ ಮಾಡಿಟ್ಟಿದ್ದನೆಂಬಂತೆ. ಮೊದಲು ಎಪ್ಪತ್ತು ದಾಟಿದವರು ಆಡುತ್ತಿದ್ದ ಮಾತು ಇದು. ಈಗ ಮೊನ್ನೆ ಮೊನ್ನೆ ಕಾಲೇಜು ಮುಗಿಸಿದವರೂ ಕಣ್ಣು ಅರೆಮುಚ್ಚಿ ಹೇಳುತ್ತಾರೆ. ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಾನೂ ಅವರಲ್ಲೊಬ್ಬ ಎಂದು ಈಗಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಬೈಯಲು ಅನುಕೂಲ.

ಈ ಬೇಸಗೆಯಲ್ಲಿ ನಾನು ಹೈಸ್ಕೂಲು ಮಕ್ಕಳಿಗಾಗಿ ಹವಾಗುಣ ವಿಜ್ಞಾನದ ಒಂದು ಕಿರುಪುಸ್ತಕ ಬರೆಯುತ್ತಿದ್ದೆ. ಬರೆಯುತ್ತಿದ್ದದ್ದು ಬಸವೇಶ್ವರನಗರದ ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ. ಅದಕ್ಕೆ ಉತ್ತರದ ಕಿಟಕಿ, ಕಿಟಕಿಯ ಹೊರಗೆ ಹೊಂಗೆಮರ, ಮಧ್ಯಾಹ್ನವೂ ನೆಲ ತಣ್ಣಗೆ. ಅದರ ಮೇಲೆ ತಾರಸಿಗೆ ತಾಗಿದ ಇನ್ನೊಂದು ರೂಮು. ಕಿಟಕಿ ಪಶ್ಚಿಮಕ್ಕೆ, ಮರವಿಲ್ಲ. ಅಲ್ಲಿ ನನ್ನ ಅತ್ತೆ ಇರುತ್ತಾರೆ, ಹೆಂಡತಿ ನಾಗರತ್ನಳ ತಾಯಿ. ಎಂಬತ್ತೆರಡು ವರ್ಷ. ಅವರನ್ನೇಕೆ ಮೇಲೆ ಇರಿಸಿದಿರಿ ಎಂದು ಕೇಳಬೇಡಿ. ಅವರ ಮೊಣಕಾಲು ನನ್ನದಕ್ಕಿಂತ ಗಟ್ಟಿ ಎಂಬುದು ನಾನು ಎಲ್ಲರಿಗೂ ಕೊಡುವ ಉತ್ತರ. ನನ್ನ ಪುಸ್ತಕಗಳು ಕೆಳಗಿದ್ದವು ಎಂಬುದು ಯಾರಿಗೂ ಕೊಡದ ಉತ್ತರ.

ಪುಸ್ತಕದ ಮೊದಲ ಅಧ್ಯಾಯದ ಬಗ್ಗೆ ನನಗೆ ಬಹಳ ಜಂಬವಿತ್ತು. ಹವಾಮಾನ ಬೇರೆ, ಹವಾಗುಣ ಬೇರೆ ಎಂದು ಬರೆದಿದ್ದೆ. ಮಾನ ಎನ್ನುವುದು ಬೆಳಿಗ್ಗೆ ಇದ್ದು ಸಂಜೆ ಹೋಗಬಹುದು. ಗುಣ ಹಾಗಲ್ಲ, ಮೂವತ್ತು ವರ್ಷ ಜೊತೆಯಲ್ಲಿ ಬಾಳಿದ ಮೇಲೆ ತಿಳಿಯುವಂಥದ್ದು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಗಾದೆ. ಹವಾಗುಣದ ಮಟ್ಟಿಗೆ ಗಾದೆ ಸುಳ್ಳಾಯಿತು. ಕಲ್ಲಿದ್ದಲು, ಪೆಟ್ರೋಲು ಸುಟ್ಟೂ ಸುಟ್ಟೂ ಆ ಗುಣವನ್ನೇ ಕೆಡಿಸಿದ್ದೇವೆ. ಅವುಗಳ ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡು ಭೂಮಿಗೆ ಹೊದಿಸಿದ ಕಂಬಳಿಯ ಹಾಗೆ. ಕಂಬಳಿ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ, ಒಳಗಿನ ಬಿಸಿ ಹೊರಗೆ ಹೋಗುವುದನ್ನು ತಡೆಯುತ್ತದೆ ಅಷ್ಟೆ. ಇಷ್ಟು ಸರಳ ಸಂಗತಿ ಅರ್ಥವಾಗದೆ, ಡಿಸೆಂಬರಿನಲ್ಲಿ ಮಂಕಿಟೋಪಿ ಹಾಕಿಕೊಂಡು ವಾಕಿಂಗ್ ಬಂದು "ಎಲ್ ಸಾರ್ ನಿಮ್ ಗ್ಲೋಬಲ್ ವಾರ್ಮಿಂಗು?" ಎಂದು ಹಲ್ಲು ಕಿರಿಯುವವರಿಗೆ ನಮ್ಮ ಪಾರ್ಕಿನಲ್ಲಿ ಬರವಿಲ್ಲ.

ಏಪ್ರಿಲ್ಲಿನಲ್ಲಿ ಒಂದು ದಿನ ನಾಗರತ್ನ, "ಅಮ್ಮನ ರೂಮಿಗೆ ಎಸಿ ಹಾಕಿಸ್ಬೇಕು ಕಣ್ರೀ. ಮಧ್ಯಾಹ್ನ ಅಲ್ಲಿ ಕೂರೋಕಾಗಲ್ಲ," ಎಂದಳು. ನಾನು ಪೆನ್ನು ಕೆಳಗಿಡದೆ, ಬೆಂಗಳೂರಿಗೆ ಎಸಿ ಹಾಕಿಸುವುದು ಊರಿಗೇ ಅವಮಾನ ಎಂದೆ. ಜೊತೆಗೆ, ಒಂದು ಬೇಸಗೆ ನೋಡಿ ತೀರ್ಮಾನಕ್ಕೆ ಬರಬಾರದು, ಕನಿಷ್ಠ ಮೂವತ್ತು ವರ್ಷದ ಸರಾಸರಿ ಬೇಕು ಎಂದೂ ಸೇರಿಸಿದೆ. ಬಾಗಿಲಲ್ಲಿ ನಿಂತಿದ್ದ ಅತ್ತೆ ನಿಧಾನವಾಗಿ ಹೇಳಿದರು: "ಮೂವತ್ ವರ್ಷ ಬೇಡ ಅಳಿಯಂದ್ರೇ. ಅಷ್ಟೊತ್ತಿಗೆ ನಾನೇ ತಣ್ಣಗಾಗಿರ್ತೀನಿ."

ಈ ಮಾತನ್ನು ಅವರು ಅದೇ ಗಳಿಗೆಯಲ್ಲಿ ಹೇಳಿದರೋ ಎರಡು ದಿನ ಬಿಟ್ಟು ಹೇಳಿದರೋ, ಆಣೆ ಮಾಡಲಾರೆ. ನೆನಪು ಎನ್ನುವುದು ಸಾಮಾನನ್ನು ತನಗೆ ಬೇಕಾದ ಕಡೆ ಜೋಡಿಸಿಕೊಳ್ಳುವ ಬಾಡಿಗೆದಾರ. ಅದು ಎಷ್ಟು ನಾಚಿಕೆಗೆಟ್ಟದ್ದೆಂಬುದು ವಿಜಯನಗರದಲ್ಲಿರುವ ನನ್ನ ಅಕ್ಕನಿಗೆ ಫೋನ್ ಮಾಡಿದಾಗ ತಿಳಿಯಿತು. ನನ್ನ ಪರ ಸಾಕ್ಷಿ ಹೇಳಲೆಂದು, "ನಮ್ಮನೇಲಿ ಫ್ಯಾನ್ ಇರ್ಲಿಲ್ಲ ಅಲ್ವೇನೇ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದೆ. "ಇತ್ತು ಕಣೋ ಪೆದ್ದೇ, ಹಾಲ್‌ನಲ್ಲಿ. ಬ್ಯಾಟಲ್ಲಿ ಹೊಡ್ದು ರೆಕ್ಕೆ ಬಗ್ಗಿಸಿದ್ದು ನೀನೇ. ಅಪ್ಪನ ಹತ್ರ ಒದೆ ತಿಂದಿದ್ದೂ ಮರ್ತೋಯ್ತಾ?" ಎಂದಳು ಅಕ್ಕ. ಐವತ್ತು ವರ್ಷದಿಂದ ನಾನು ಮೆರೆಸಿಕೊಂಡು ಬಂದ ತಂಗಾಳಿ ಒಂದು ಸೊಟ್ಟ ಫ್ಯಾನಿನದು.

ವಿಜ್ಞಾನಿಗಳು ನನ್ನಂಥವರನ್ನು ನಂಬದೆ ಮಾಡೆಲ್ ಕಟ್ಟಿಕೊಂಡಿರುವುದು ಇದಕ್ಕೇ. ಮಾಡೆಲ್ ಎಂದರೆ ಗಾಜಿನ ಪೆಟ್ಟಿಗೆಯೊಳಗಿನ ಪುಟ್ಟ ಭೂಮಿಯಲ್ಲ, ಬರೀ ಲೆಕ್ಕ. ಗಾಳಿಯನ್ನೂ ಸಮುದ್ರವನ್ನೂ ಚೌಕಗಳಾಗಿ ಕತ್ತರಿಸಿ ಒಂದರ ಮೇಲೊಂದು ಪೇರಿಸುತ್ತಾರೆ. ಪ್ರತಿ ಚೌಕಕ್ಕೆ ಎಷ್ಟು ಬಿಸಿಲು ಬಂತು, ಎಷ್ಟು ಬಿಸಿ ಹೋಯಿತು, ಪಕ್ಕದ ಚೌಕದಿಂದ ಎಷ್ಟು ಗಾಳಿ, ಎಷ್ಟು ತೇವ ನುಗ್ಗಿತು ಎಂದು ಭೌತಶಾಸ್ತ್ರದ ನಿಯಮಗಳಂತೆ ಗುಣಿಸುತ್ತಾ, ಸ್ವಲ್ಪ ಸ್ವಲ್ಪ ಹೊತ್ತಿನಂತೆ ನೂರು ವರ್ಷ ಮುಂದಕ್ಕೆ ನಡೆಸುತ್ತಾರೆ. ಚೌಕಕ್ಕಿಂತ ಚಿಕ್ಕದಾದ ಮೋಡಗಳಿಗೆ ಅಂದಾಜೇ ಗತಿ. ಒಂದೇ ಓಟವನ್ನು ನಂಬುವುದಿಲ್ಲ. ಶುರುವಿನ ಅಂಕಿಗಳನ್ನು ಕೂದಲೆಳೆಯಷ್ಟು ಬದಲಿಸಿ ಮತ್ತೆ ಮತ್ತೆ ಓಡಿಸುತ್ತಾರೆ. ಮುಖ್ಯವಾಗಿ, ಮುಂದಿನದನ್ನು ಹೇಳುವ ಮೊದಲು ಕಳೆದುಹೋದ ವರ್ಷಗಳ ಮೇಲೆ ಓಡಿಸಿ, ಆಗಿದ್ದನ್ನೇ ಹೇಳುತ್ತದೋ ಎಂದು ನೋಡುತ್ತಾರೆ. ಆ ಪರೀಕ್ಷೆಯಲ್ಲಿ ನಾನು ಫ್ಯಾನಿನ ಬಳಿಯೇ ಫೇಲು. ಹಾಗೆಂದು ಮಾಡೆಲ್ ಮುಂದಿನ ಮಂಗಳವಾರದ ಮಳೆಯನ್ನು ಹೇಳುವುದಿಲ್ಲ. ಕೆಂಗೇರಿಯ ಬಸ್ಸು ನಾಳೆ ಎಷ್ಟು ಗಂಟೆಗೆ ಬರುತ್ತದೆಂದು ಯಾರಿಂದಲೂ ಹೇಳಲಾಗದು. ಆದರೆ ರಸ್ತೆ ಅಷ್ಟೇ ಇದ್ದು ಗಾಡಿಗಳು ಹೆಚ್ಚುತ್ತಲೇ ಹೋದರೆ ಹತ್ತು ವರ್ಷದಲ್ಲಿ ಏನಾಗುತ್ತದೆಂದು ಯಾರು ಬೇಕಾದರೂ ಹೇಳಬಹುದು.

ಇದನ್ನೆಲ್ಲ ನಾನು ಊಟದ ಹೊತ್ತಿನಲ್ಲಿ ಮನೆಯವರಿಗೆ ವಿವರಿಸುತ್ತಿದ್ದಾಗ ನಾಗರತ್ನ ಒಂದು ಥರ್ಮಾಮೀಟರು ತಂದು ಮೇಲಿನ ರೂಮಿನ ಗೋಡೆಗೆ ನೇತುಹಾಕಿದಳು. ಕ್ಯಾಲೆಂಡರಿನಲ್ಲಿ ಹಾಲು ಬಾರದ ದಿನಗಳನ್ನು ಗುರುತು ಹಾಕುತ್ತಿದ್ದ ಚೌಕಗಳಲ್ಲೇ ದಿನವೂ ಮೂರು ಗಂಟೆಯ ಉಷ್ಣತೆ ಬರೆದಳು. ಮೂವತ್ತಾರು, ಮೂವತ್ತೇಳು, ಮೂವತ್ತೇಳೂವರೆ. ಮೂರು ವಾರವಾದ ಮೇಲೆ ಕ್ಯಾಲೆಂಡರನ್ನೇ ಕಿತ್ತು ತಂದು ನನ್ನ ಮೇಜಿನ ಮೇಲಿಟ್ಟಳು. ಮಾಡೆಲಿನ ಒಂದು ಚೌಕದಲ್ಲಿ ಇಡೀ ಬೆಂಗಳೂರೇ ಅಡಗಿಹೋಗುತ್ತದೆ, ಆ ಲೆಕ್ಕದಲ್ಲಿ ನಿಮ್ಮಮ್ಮನ ರೂಮು ಇಲ್ಲವೇ ಇಲ್ಲ ಎಂದು ನಾನು ನಕ್ಕೆ.

"ಚೌಕದಲ್ಲಿ ಇಲ್ದೇ ಇರ್ಬೋದು ರೀ, ಮನೇಲಿ ಇದ್ಯಲ್ಲ. ಅದ್ರೊಳಗೆ ನಮ್ಮಮ್ಮ ಇದಾರೆ."

ಮರುದಿನ ಮಧ್ಯಾಹ್ನ ಅತ್ತೆ ನೀರಿಗೆಂದು ಇಳಿಯುತ್ತಾ ನಡುಮೆಟ್ಟಿಲಲ್ಲಿ ಕುಳಿತುಬಿಟ್ಟರು. ಕರೆದರೆ ಓ ಎನ್ನಲಿಲ್ಲ. ಮುಖ ಕೆಂಪಾಗಿತ್ತು, ಮೈ ಕೆಂಡವಾಗಿತ್ತು. ಆಸ್ಪತ್ರೆಯಲ್ಲಿ ಎರಡು ಬಾಟಲಿ ಡ್ರಿಪ್ ಏರಿಸಿದ ಮೇಲೆ ಡಾಕ್ಟರು, "ಯಾವ ರೂಮಲ್ಲಿ ಮಲಗಿಸ್ತೀರ ಇವ್ರನ್ನ?" ಎಂದು ಕೇಳಿದರು. ನಾಗರತ್ನ ನನ್ನ ಕಡೆ ನೋಡಿದಳು. ಹವಾಗುಣದ ಬಗ್ಗೆ ಅರವತ್ತು ಪುಟ ಬರೆದ ನಾನು, ಔಷಧಿ ತರುತ್ತೇನೆಂದು ಚೀಟಿ ಹಿಡಿದು ಹೊರಗೆ ಹೊರಟೆ.

ಅತ್ತೆ ಮನೆಗೆ ಬರುವಷ್ಟರಲ್ಲಿ ಅವರ ಮಂಚ ಹೊಂಗೆಮರದ ಕಿಟಕಿಗೆ ಬಂದಿತ್ತು, ನನ್ನ ಮೇಜು ಪಶ್ಚಿಮದ ಕಿಟಕಿಗೆ ಹೋಗಿತ್ತು. ನನ್ನನ್ನು ಯಾರೂ ಕೇಳಲಿಲ್ಲ. ಮೊದಲ ದಿನ ಬನಿಯನ್ನಿನಲ್ಲಿ ಕುಳಿತು ಅರ್ಧ ಪುಟ ಬರೆದೆ. ಎರಡನೆಯ ದಿನ ಒದ್ದೆ ಟವೆಲ್ಲು ಹೊದ್ದು ಎರಡು ಸಾಲು. ಅಂದು ಸಂಜೆ ನಾನೇ ಅಂಗಡಿಗೆ ಫೋನ್ ಮಾಡಿದೆ.

ಮೂರನೆಯ ದಿನ ಎಸಿ ಬಂತು. ಅದರ ಹೊರಗಿನ ಪೆಟ್ಟಿಗೆ ಪಕ್ಕದ ಮನೆಯ ಅಡುಗೆಮನೆಯತ್ತ ಬಿಸಿ ಊದುತ್ತದೆ. ಅವರೂ ಒಂದು ತರುತ್ತಾರೆ, ಅದು ಅವರ ಪಕ್ಕದವರಿಗೆ ಊದುತ್ತದೆ. ಮುಂದಿನ ಅಧ್ಯಾಯಕ್ಕೆ ಉದಾಹರಣೆ ಸಿಕ್ಕಿತೆಂದು ಬರೆದುಕೊಂಡೆ. ಗೋಡೆ ಕೊರೆಯುತ್ತಿದ್ದ ಮೆಕ್ಯಾನಿಕ್ ಡ್ರಿಲ್ಲು ನಿಲ್ಲಿಸಿ, "ವಯಸ್ಸಾದೋರಿಗಾ ಸಾರ್ ಇದು? ಒಳ್ಳೇ ಕೆಲ್ಸ ಮಾಡಿದ್ರಿ. ಎಷ್ಟೋ ಮನೇಲಿ ಅವ್ರನ್ನ ಕೇಳೋರೇ ಇರಲ್ಲ," ಎಂದ.

"ಹೌದಪ್ಪಾ, ಪಾಪ, ಸೆಕೆ ತಡೆಯೋಕೆ ಆಗ್ತಿರ್ಲಿಲ್ಲ," ಎಂದೆ.

ಎರಡು ಲೋಟ ಕಾಫಿ ಹಿಡಿದು ಬಾಗಿಲಿಗೆ ಬಂದಿದ್ದ ನಾಗರತ್ನ ಒಂದನ್ನು ಅವನಿಗೆ ಕೊಟ್ಟಳು. ಇನ್ನೊಂದನ್ನು ಹಿಡಿದುಕೊಂಡು ಹಾಗೆಯೇ ಕೆಳಗೆ ಇಳಿದುಹೋದಳು.