ಹುಸೇನಬಿಗೆ ನಾನು ಮಾಡಿದ ಶಿಫಾರಸು

ಧಾರಾವಾಹಿ ನೋಡಿ ಅಳುವವರಲ್ಲಿ ಎರಡು ಪಂಗಡ. ಅತ್ತದ್ದನ್ನು ಒಪ್ಪಿಕೊಳ್ಳುವವರು ಒಂದು, ಕನ್ನಡಕ ಒರೆಸಿಕೊಳ್ಳುವವರು ಇನ್ನೊಂದು. ನಾನು ಎರಡನೆಯ ಪಂಗಡದವಳು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಕೆಳಗೆ ಬೆಳೆದು, ಸ್ಪೂನು ಸದ್ದು ಮಾಡಿದರೆ ‘ಮ್ಯಾನರ್ಸ್!’ ಎಂದು ಗದರಿಸಿಕೊಂಡವಳು ಬೇರೆ ಏನು ತಾನೇ ಆದೇನು? ಆಗ ಸಂಜೆಯಾದರೆ ಉದ್ದನೆಯ ಕಾರಿಡಾರಿನ ಕೊನೆಯಿಂದ ಪಿಯಾನೋ ಕೇಳಿಸುತ್ತಿತ್ತು. ಈಗ, ಟೀಚರ್ ಕೆಲಸದಿಂದ ನಿವೃತ್ತಳಾದ ಮೇಲೆ, ಕುಷ್ಟಗಿಯ ನನ್ನ ಮನೆಯಲ್ಲಿ ಏಳೂವರೆಗೆ ಟೈಟಲ್ ಸಾಂಗ್ ಕೇಳಿಸುತ್ತದೆ. ಎರಡಕ್ಕೂ ನಾನು ಓಡಿಹೋಗಿ ಮುಂದಿನ ಸಾಲಿನಲ್ಲಿಯೇ ಕುಳಿತವಳು.

ನನ್ನ ಧಾರಾವಾಹಿಯ ನಾಯಕಿ ಮೂರು ವರ್ಷದಿಂದ ವೀಲ್‌ಚೇರಿನಲ್ಲಿದ್ದಾಳೆ. ರೇಷ್ಮೆ ಸೀರೆ, ಮುಡಿತುಂಬ ಮಲ್ಲಿಗೆ, ಕಣ್ತುಂಬ ಕ್ಷಮೆ. ಯಾರು ಏನಂದರೂ ತಿರುಗಿ ಒಂದು ಮಾತಾಡುವುದಿಲ್ಲ. ನನ್ನ ಜೊತೆ ಕುಳಿತು ಇದನ್ನು ನೋಡುವವಳು ಎದುರು ಮನೆಯ ಹುಸೇನಬಿ. ಟೇಲರ್. ಎರಡು ವರ್ಷದವಳಿದ್ದಾಗ ಪೋಲಿಯೋ ಆಗಿ ಎಡಗಾಲು ಸೊರಗಿದೆ. ಊರುಗೋಲು ಹಿಡಿದು ನಡೆಯುತ್ತಾಳೆ. ಹೊಲಿಗೆ ಮಷೀನಿಗೆ ಮೋಟರು ಕೂಡಿಸಿದ್ದಾಳೆ, ಬಲಗಾಲೊಂದೇ ಸಾಕು. ಯಾರು ಏನಂದರೂ ತಿರುಗಿ ನಾಲ್ಕು ಮಾತಾಡುತ್ತಾಳೆ. ಅವಳಿಗೂ ಈ ನಾಯಕಿಗೂ ಆಗಿಬರುವುದಿಲ್ಲ.

“ಅಕ್ಕೋರ, ಈಕಿ ಖೋಲಿ ಮಾಳಿಗಿ ಮ್ಯಾಲ ಐತಿ. ಗಾಡಿ ಪಾವಟಿಗಿ ಹೆಂಗ ಏರತೈತ್ರಿ? ಎತ್ತೋರು ಒಬ್ಬರೂ ಕಾಣವಲ್ಲರು.”

“ಯಾರೋ ಎತ್ತಿರುತ್ತಾರೆ ಹುಸೇನಬಿ. ತೋರಿಸಿಲ್ಲ ಅಷ್ಟೇ.”

“ಮೂರು ವರ್ಷ ಆತು, ಒಮ್ಮಿನೂ ಬಚ್ಚಲಕ್ಕ ಹೋಗಿಲ್ಲ.”

“ಅವಳು ನೋವಿನಲ್ಲಿದ್ದಾಳೆ.”

“ನೋವಿನ್ಯಾಗ ಇದ್ದೋರಿಗೂ ಬರತೈತ್ರಿ.”

ಕಾನ್ವೆಂಟಿನಲ್ಲಿ ಈ ವಿಷಯದಲ್ಲಿ ವಾದಿಸಲು ನಮಗೆ ಕಲಿಸಿರಲಿಲ್ಲ. ಹುಸೇನಬಿಗೆ ಪ್ರೀತಿ ಇದ್ದದ್ದು ಖಳನಾಯಕಿಯ ಮೇಲೆ. ಆಸ್ತಿಗಾಗಿ ಕುಂಟಿಯ ನಾಟಕವಾಡುತ್ತಾ, ಬಾಗಿಲು ಹಾಕಿದ ಕೂಡಲೇ ಎದ್ದು ನಿಂತು ನಗುವವಳು. “ಆಕಿಗೆ ಮಾಡಾಕ ಕೆಲಸರ ಐತಿ” ಎನ್ನುತ್ತಿದ್ದಳು. ಒಮ್ಮೆ ಮಂಡಕ್ಕಿ ತಿನ್ನುತ್ತಾ ಕೇಳಿದಳು: “ಈ ಹೀರೋಯಿನ್ ಪಾರ್ಟು ನಮ್ಮಂಥಾಕಿಗೆ ಯಾಕ ಕೊಡಂಗಿಲ್ರಿ?” ಕೊನೆಯಲ್ಲಿ ಎದ್ದು ನಡೆಯಬೇಕಲ್ಲ ಮಾರಾಯ್ತಿ ಎಂದೆ. “ನಡೀಲಿಲ್ಲಂದ್ರ ಕತಿ ಮುಗಿಯಂಗಿಲ್ಲೇನು?” ಎಂದಳು. ನಾನು ವಾಲ್ಯೂಮ್ ಜಾಸ್ತಿ ಮಾಡಿದೆ.

ಮದುವೆ ಸೀಸನ್ ಮುಗಿದ ಮೇಲೆ ಹುಸೇನಬಿಯ ಅಂಗಡಿಯಲ್ಲಿ ಕೆಲಸ ಕಡಿಮೆ. ಅವಳ ಕೈಕೆಳಗೆ ಮೂವರು ಹೆಣ್ಣುಮಕ್ಕಳು ಹೊಲಿಯುತ್ತಾರೆ. ಅವರನ್ನು ಮನೆಗೆ ಕಳಿಸಬೇಕಾಗುತ್ತದೆ, ಕಳಿಸಿದರೆ ಮತ್ತೆ ಬರುವ ಖಾತ್ರಿಯಿಲ್ಲ. ಊರಿನ ಒಂದು ಖಾಸಗಿ ಶಾಲೆಯ ಯೂನಿಫಾರ್ಮಿನ ಕೆಲಸ ಸಿಕ್ಕರೆ ಅಂಗಡಿ ವರ್ಷವಿಡೀ ನಡೆದೀತು. ಆ ಶಾಲೆಯ ಹೆಡ್‌ಮಿಸ್ಟ್ರೆಸ್ ಶಶಿಕಲಾ ನನ್ನ ಹಳೆಯ ಸ್ಟೂಡೆಂಟ್. “ಅಕ್ಕೋರ, ನೀವ್ ಒಂದು ಮಾತು ಹೇಳ್ರಿ. ಭಾಳ ಬ್ಯಾಡ, ಒಂದ ಮಾತು” ಎಂದಳು ಹುಸೇನಬಿ.

ನಾನು ನಲವತ್ತು ನಿಮಿಷ ಮಾತಾಡಿದೆ.

ಶಾಲೆಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ನನ್ನನ್ನು ಅತಿಥಿಯಾಗಿ ಕರೆದಿದ್ದರು. ಇದೇ ಚಾನ್ಸ್ ಎಂದು ಹುಸೇನಬಿಯನ್ನೂ ಸ್ಟೇಜಿನ ಮೇಲೆ ಕೂಡಿಸಿದೆ. ಪಾಪ, ಅವಳು ಟೇಪು, ಸ್ಯಾಂಪಲ್ ಅಂಗಿ ಎಲ್ಲ ಚೀಲದಲ್ಲಿಟ್ಟುಕೊಂಡು ಬಂದಿದ್ದಳು. ನಾನು ಮೈಕು ಹಿಡಿದೆ. ವಿಧಿ ಅವಳ ಕಾಲನ್ನು ಕಸಿಯಿತು, ಕನಸನ್ನು ಕಸಿಯಲಾಗಲಿಲ್ಲ ಎಂದೆ. ನೋವನ್ನೇ ನೂಲಾಗಿಸಿ ಬಾಳನ್ನು ಹೊಲಿದುಕೊಂಡವಳು ಎಂದೆ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ಒಂದು ಕ್ಷಣ ನಿಲ್ಲಿಸಬೇಕು, ಎಲ್ಲವನ್ನೂ ಏಳೂವರೆಯ ಅಭ್ಯಾಸ ನನ್ನಿಂದ ಮಾಡಿಸಿತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹುಸೇನಬಿ ಮಾತ್ರ ಸ್ಟೇಜಿನ ಪರದೆಯ ಅಂಚಿನ ಹೊಲಿಗೆಯನ್ನೇ ನೋಡುತ್ತಾ ಕುಳಿತಿದ್ದಳು. ಅವಳಿಗೆ ಒಂದು ಬುಟ್ಟಿ ದಾಳಿಂಬೆ ಕೊಟ್ಟು ಸನ್ಮಾನವಾಯಿತು.

ಕೆಳಗಿಳಿದಾಗ ಶಶಿಕಲಾ ಮೂಗು ಒರೆಸಿಕೊಳ್ಳುತ್ತಾ ಬಂದಳು. “ಮಿಸ್, ಭಾಳ ಟಚಿಂಗ್ ಆತ್ರಿ. ಯೂನಿಫಾರ್ಮ್ ಆಕಿಗೇ ಕೊಡೂಣು ಅಂತ ಮಾಡಿದ್ದೆ. ಇಷ್ಟು ತ್ರಾಸಿನ್ಯಾಗ ಇರೋ ಜೀವದ ಮ್ಯಾಲ ನಾ ಮತ್ಯಾಕ ಭಾರ ಹೊರಸಲಿ? ಗಂಗಾವತಿ ಟೇಲರ್‌ಗೆ ಕೊಟ್ಟಬಿಡ್ತೀನಿ.”

ಆಟೋದಲ್ಲಿ ಹುಸೇನಬಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಕೇಳಿದಳು: “ಅಕ್ಕೋರ, ನಾ ಛಲೋ ಹೊಲೀತೀನಿ ಅಂತ ಒಂದ್ ಸಲನರ ಅಂದ್ರೇನ್ರಿ?”

ನಲವತ್ತು ನಿಮಿಷವನ್ನೂ ಮನಸ್ಸಿನಲ್ಲೇ ತಿರುಗಿಸಿ ನೋಡಿದೆ. ಅಂದಿರಲಿಲ್ಲ.

ಆಗಿದ್ದನ್ನು ಸರಿಪಡಿಸಲು ಮರುದಿನ ನಾನೊಬ್ಬಳೇ ಶಾಲೆಗೆ ಹೋದೆ. ಶಶಿಕಲಾಳ ಆಫೀಸು ಮಹಡಿಯ ಮೇಲೆ. ನನ್ನ ಮೊಣಕಾಲು ಮೊದಲೇ ಅಷ್ಟಕ್ಕಷ್ಟೆ. ಇಬ್ಬರು ಟೀಚರುಗಳು ಆಚೀಚೆ ಹಿಡಿದುಕೊಂಡರು. ಶಶಿಕಲಾ ಮಕ್ಕಳನ್ನು ಮೆಟ್ಟಿಲ ಪಕ್ಕ ಸಾಲಾಗಿ ನಿಲ್ಲಿಸಿ, “ನೋಡ್ರಿ ಮಕ್ಕಳ, ಈ ವಯಸ್ಸಿನ್ಯಾಗ, ಇಂಥಾ ಕಾಲು ಇಟಗೊಂಡು ಮಿಸ್ ನಮ್ಮ ಸಾಲಿಗೆ ಬಂದಾರ!” ಎಂದು ಚಪ್ಪಾಳೆ ಹೊಡೆಸಿದಳು. ಮೇಲೆ ಹೋಗಿ “ಹುಸೇನಬಿ ಹೊಲಿದದ್ದು ಹತ್ತು ವರ್ಷ ಬಿಚ್ಚುವುದಿಲ್ಲ, ಹೇಳಿದ ದಿನಕ್ಕೆ ತಪ್ಪುವುದಿಲ್ಲ” ಎಂದು ಅರ್ಧ ಹೇಳುವಷ್ಟರಲ್ಲಿ, “ದಣೀಬ್ಯಾಡ್ರಿ ಮಿಸ್, ಮೊದಲ ಚಾ ಕುಡೀರಿ” ಎಂದಳು. ಕುಡಿದೆ. ಮತ್ತೆ ಮಾತು ತೆಗೆದಾಗಲೂ ಅದೇ ಆಯಿತು. ಬಿಸ್ಕತ್ತು ಕೂಡ ಬಂತು. ನನ್ನ ಮಾತನ್ನು ಮಾತ್ರ ಯಾರೂ ಕೇಳಲಿಲ್ಲ.

ಮೂರನೆಯ ದಿನ ಹುಸೇನಬಿ ತಾನೇ ಹೋದಳು. ಗೇಟಿನ ಹತ್ತಿರ ಸಿಕ್ಕ ಹುಡುಗಿಯೊಬ್ಬಳ ತೋಳಿನ ಹೊಲಿಗೆ ತಿರುವಿ ನೋಡಿ, ಶಶಿಕಲಾಳನ್ನೇ ಕೆಳಗೆ ಕರೆಸಿದಳಂತೆ. “ಯಾವ ಮಹಾಶಯ ಹೊಲದಾನ್ರಿ ಇದನ್ನ? ಒಂದ್ ಸಲ ಕಬಡ್ಡಿ ಆಡಿದ್ರ ಕಂಕುಳ ಬಿಚ್ಚತೈತಿ.” ಶಶಿಕಲಾ, ಅಷ್ಟೊಂದು ಬಟ್ಟೆ ನಿಮಗೆ ಆದೀತೇ ಎಂದು ಅನುಮಾನಿಸಿದಳಂತೆ. “ನಿಮ್ಮ ಹುಡುಗುರ್ನ ಎಣಿಸ್ರಿ ಬಾಯಾರ, ನನ್ನ ಕಾಲು ಎಣಸಬ್ಯಾಡ್ರಿ.” ಮೊದಲು ಹುಡುಗಿಯರ ಯೂನಿಫಾರ್ಮ್ ಮಾತ್ರ ಹೊಲಿದು ತೋರಿಸಿ ಎಂದು ಶಶಿಕಲಾ ಬಟ್ಟೆ ಕೊಟ್ಟು ಕಳಿಸಿದ್ದಾಳೆ. ಈಗ ಎದುರು ಮನೆಯಲ್ಲಿ ನಾಲ್ಕು ಮಷೀನು ಒಟ್ಟಿಗೆ ಓಡುತ್ತಿವೆ. ನನಗೆ ಡೈಲಾಗು ಸರಿಯಾಗಿ ಕೇಳಿಸುವುದಿಲ್ಲ.

“ನೀವೂ ಹೋಗಿದ್ರಂತಲ್ರಿ ಅಕ್ಕೋರ, ಏನಾತು?” ಎಂದು ಹುಸೇನಬಿ ಕೇಳಿದಳು. ಚಹಾ ಕುಡಿದು ಬಂದೆ ಎಂದಷ್ಟೇ ಹೇಳಿದೆ. ಅದು ಸುಳ್ಳಲ್ಲ. ಮಕ್ಕಳು ಚಪ್ಪಾಳೆ ಹೊಡೆಯುತ್ತಿದ್ದಾಗ ನಾನು ಕೊನೆಯ ಮೆಟ್ಟಿಲಿನಲ್ಲಿ ನಿಂತು, ಕಂಬಿ ಹಿಡಿದು, ಒಂದು ಕ್ಷಣ ಕಣ್ಣು ಮುಚ್ಚಿದೆ ಎಂಬುದನ್ನು ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಆಗ ಮೊಣಕಾಲು ಅಷ್ಟೇನೂ ನೋಯುತ್ತಿರಲಿಲ್ಲ.