ಹಸಿರು ಲೈನಿನಲ್ಲಿ ಬುತ್ತಿ

ಹಲ್ಲಿಗೆ ಹೆದರುವವರಿಗೆ, ಗುಡುಗಿಗೆ ಹೆದರುವವರಿಗೆ, ಅತ್ತೆಗೆ ಹೆದರುವವರಿಗೆ ಕೂಡ ಲೋಕದಲ್ಲಿ ಒಂದಿಷ್ಟು ಅನುಕಂಪ ಸಿಗುತ್ತದೆ. ನನಗೆ ಇದ್ದದ್ದು ಮನೆಯಿಂದ ಹೊರಗೆ ಹೋಗುವ ಭಯ. ಹೇಳಿಕೊಂಡರೆ ಸಾಕು, ‘ಪುಣ್ಯವಂತೆ ಕಣ್ರೀ, ಹಾಯಾಗಿ ಮನೇಲಿರಿ’ ಎಂದು ನಕ್ಕುಬಿಡುತ್ತಿದ್ದರು. ಗದಗಿನಲ್ಲಿ ತುಂಬಿದ ಬಸ್ಸಿನ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುತ್ತಿದ್ದವಳು ನಾನು. ಅಂಥವಳು ಸಿಂಗಪುರದ ತಣ್ಣನೆಯ ಎಮ್‌ಆರ್‌ಟಿ ರೈಲು ಒಂದು ಮಧ್ಯಾಹ್ನ ಸುರಂಗದಲ್ಲಿ ಸ್ವಲ್ಪ ಹೊತ್ತು ನಿಂತಿತೆಂಬ ನೆಪಕ್ಕೆ ಬೆವೆತು, ಎದೆ ಡವಡವ ಎಂದು ಹೊಡೆದುಕೊಂಡು, ಸತ್ತೇ ಹೋದೆ ಎಂದುಕೊಂಡು ಮುಂದಿನ ಸ್ಟೇಷನ್ನಿನಲ್ಲಿ ಇಳಿದುಬಿಟ್ಟೆ. ಆಮೇಲೆ ರೈಲು ಬಿಟ್ಟೆ, ಬಸ್ಸು ಬಿಟ್ಟೆ, ಮಾರ್ಕೆಟ್ಟು ಬಿಟ್ಟೆ. ಕೊನೆಗೆ ಟ್ಯಾಂಪಿನೀಸಿನ ನಮ್ಮ ಬ್ಲಾಕಿನ ಲಿಫ್ಟಿನ ಬಾಗಿಲೇ ನನಗೆ ಲಕ್ಷ್ಮಣರೇಖೆಯಾಯಿತು. ಇದಕ್ಕೆ ಅಗೋರಫೋಬಿಯಾ ಎನ್ನುತ್ತಾರೆಂದು ನಮ್ಮವರು ಇಂಟರ್ನೆಟ್ಟಿನಲ್ಲಿ ಪತ್ತೆ ಹಚ್ಚಿದರು. ಹೆಸರು ಸಿಕ್ಕಮೇಲೆ ಕಾಯಿಲೆಗೂ ಸ್ವಲ್ಪ ಘನತೆ ಬಂತು.

ನಮ್ಮವರು ಮಿಕ್ಸಿ ಕೊಳ್ಳಲು ನಾಲ್ಕು ಅಂಗಡಿ ಸುತ್ತುವ ಮನುಷ್ಯ. ಹೆಂಡತಿಯ ಚಿಕಿತ್ಸೆಯನ್ನು ಹೋಲಿಸಿ ನೋಡದೆ ಬಿಟ್ಟಾರೆಯೇ? ಹೊರಗೆ ಹೋಗಲು ಹೆದರುವವರಿಗೆ ಮದ್ದು ಸಿಗುವುದೂ ಹೊರಗೇ ಎಂಬುದನ್ನು ಮಾತ್ರ ಯಾರೂ ಯೋಚಿಸಿದಂತಿರಲಿಲ್ಲ. ಟ್ಯಾಕ್ಸಿಯಲ್ಲಿ ಕಣ್ಣು ಮುಚ್ಚಿಸಿ ಕರೆದೊಯ್ದರು. ಮೊದಲನೆಯ ಕೌನ್ಸೆಲರ್ ನನ್ನ ಬಾಲ್ಯವನ್ನೆಲ್ಲ ಕೇಳಿದರು. ಮಾತಾಡಿ ಮನಸ್ಸು ಹಗುರಾಗುತ್ತಿತ್ತು, ಮತ್ತೆ ಟ್ಯಾಕ್ಸಿ ಹತ್ತುವ ತನಕ. ಎರಡನೆಯದು ಉಸಿರಾಟದ ಸಿ.ಡಿ. ಅದನ್ನು ಹಾಕಿಕೊಂಡು ಕೂತರೆ ನಮ್ಮವರಿಗೆ ಒಳ್ಳೆಯ ನಿದ್ದೆ ಬರುತ್ತಿತ್ತು. ಊರಿನಿಂದ ಅವ್ವ ಫೋನಿನಲ್ಲೇ ತನ್ನ ಥೆರಪಿ ಹೇಳಿದಳು: “ವಿಭೂತಿ ಹಚ್ಕೊಂಡು, ಶಿವಾ ಅಂತ ಹೆಜ್ಜಿ ಇಡವಾ. ಅಂಜಿದರ ಹೆಂಗ?”

ಮೂರನೆಯವರು ಟೋವಾ ಪಾಯೋ ಬಡಾವಣೆಯ ಥೆರಪಿಸ್ಟ್ ಮೇಡಮ್. “ಭಯ ಬಂದ ಜಾಗದಿಂದ ಓಡಬೇಡಿ, ಅಲ್ಲೇ ನಿಲ್ಲಿ. ಅದು ಏರುತ್ತೆ, ಆಮೇಲೆ ತಾನಾಗಿ ಇಳಿಯುತ್ತೆ” ಎಂದರು. ಮೊದಲು ಲಿಫ್ಟು, ಆಮೇಲೆ ವಾಯ್ಡ್ ಡೆಕ್ ಎನ್ನುವ, ಬ್ಲಾಕಿನ ಕೆಳಗಿನ ಖಾಲಿ ಹಜಾರ, ಆಮೇಲೆ ಬಸ್‌ಸ್ಟಾಪು. ಜೊತೆಗೆ ನನ್ನ ಆಸರೆಗಳನ್ನೆಲ್ಲ ಒಂದೊಂದಾಗಿ ಕಿತ್ತುಕೊಂಡರು. ಮೊದಲು ನೀರಿನ ಬಾಟಲಿ ಹೋಯಿತು, ಪರ್ಸಿನಲ್ಲಿದ್ದ ವಿಭೂತಿಯ ಪೊಟ್ಟಣ ಹೋಯಿತು, ಕೊನೆಗೆ ಗಂಡನನ್ನೂ ಬಿಟ್ಟುಬನ್ನಿ ಎಂದರು. ನಮ್ಮವರಿಗೆ ತುಂಬಾ ಬೇಜಾರಾಯಿತು. “ಶೈಲಾ, ನಾನೂ ವಾಟರ್ ಬಾಟಲೂ ಒಂದೇನಾ?” ಎಂದು ಎರಡು ದಿನ ಮುಖ ಸಣ್ಣದು ಮಾಡಿಕೊಂಡಿದ್ದರು.

ಬಸ್‌ಸ್ಟಾಪಿನ ತನಕ ಬಂದು ನನ್ನ ಚಿಕಿತ್ಸೆ ನಿಂತುಹೋಯಿತು. ಅಷ್ಟರಲ್ಲಿ ಜುರಾಂಗ್ ವೆಸ್ಟಿನ ಗಿರಿಜಾ ಫೋನ್ ಮಾಡಿದಳು. ನಮ್ಮ ಕಡೆಯ ಹುಡುಗಿ, ಈಗ ಏಳು ತಿಂಗಳ ಬಸುರಿ, ಸೀಮಂತದ ಹೊತ್ತು. ತಾಯಿ ತೀರಿಕೊಂಡು ವರ್ಷಗಳಾಗಿವೆ. “ಅಕ್ಕಾ, ಸಂಡೆ ಕುಬಸ ಇಟ್ಕೊಂಡಿದೀವಿ. ತವರಿನ ಬುತ್ತಿ ತರೋರು ಯಾರೂ ಇಲ್ಲ. ನೀವು ಬರ್ತೀರಾ? ಕಷ್ಟ ಆದ್ರೆ ನಾನೇ ಅಲ್ಲಿಗೆ ಬರ್ತೀನಿ” ಎಂದಳು. ನನ್ನ ಕಾಯಿಲೆ ಅವಳಿಗೆ ಗೊತ್ತು. ಆದರೆ ಬಸುರಿಯೇ ಹೋಗಿ ಬುತ್ತಿ ತರುವುದು ಎಲ್ಲಿಯಾದರೂ ಉಂಟೇ? ಬುತ್ತಿ ತಂದವರೇ ತವರಿನವರು. “ನಾನೇ ಬರ್ತೀನಿ” ಎಂದು ಬಾಯಿ ಹೇಳಿಬಿಟ್ಟಿತು, ಕಾಲುಗಳನ್ನು ಕೇಳದೆ.

ಭಾನುವಾರ ಸಜ್ಜೆರೊಟ್ಟಿ, ಎಣ್ಣೆಗಾಯಿ, ಶೇಂಗಾಚಟ್ನಿ, ಹೋಳಿಗೆ, ಹಸಿರು ಬಳೆ ಎಲ್ಲವನ್ನೂ ಬುಟ್ಟಿಗೆ ತುಂಬಿ, ಎರಡೂ ಕೈಯಲ್ಲಿ ಅಪ್ಪಿಕೊಂಡು ಒಬ್ಬಳೇ ರೈಲು ಹತ್ತಿದೆ. ಟ್ಯಾಂಪಿನೀಸು ಹಸಿರು ಲೈನಿನ ಈ ಕಡೆ, ಜುರಾಂಗ್ ಆ ಕಡೆ. ಕಲ್ಲಾಂಗ್ ಸ್ಟೇಷನ್ ದಾಟಿ ರೈಲು ನೆಲದೊಳಗೆ ಇಳಿಯಿತು. ಎದೆ ಮತ್ತೆ ಡವಡವ ಶುರುಮಾಡಿತು. ಮುಂದಿನ ಸ್ಟೇಷನ್ನಿನಲ್ಲಿ ಬಾಗಿಲು ತೆರೆದಾಗ ಕಾಲುಗಳು ಆಗಲೇ ಆ ಕಡೆ ತಿರುಗಿದ್ದವು. ಆದರೆ ತವರಿನ ಬುತ್ತಿ ಅರ್ಧದಾರಿಯಿಂದ ವಾಪಸ್ ಹೋಗಬಾರದು. ಹೋದರೆ ಆ ಹುಡುಗಿಗೆ ತವರೇ ಇಲ್ಲವೆಂದು ನಾನೇ ಸಾರಿದಂತೆ. ಬಾಗಿಲು ಮುಚ್ಚಿಕೊಂಡಿತು, ನಾನು ಒಳಗೇ ಇದ್ದೆ. ಪಕ್ಕದಲ್ಲಿದ್ದ ಚೀನೀ ಆಂಟಿ ಬುಟ್ಟಿಯನ್ನು ಮೂಸಿ, “ಸೋ ಫ್ರೇಗ್ರೆಂಟ್ ಲಾ, ವಾಟ್ ಇನ್‌ಸೈಡ್?” ಎಂದಳು. ನಡುಗುವ ದನಿಯಲ್ಲೇ ಎಣ್ಣೆಗಾಯಿ ಮಾಡುವ ವಿಧಾನ ಹೇಳತೊಡಗಿದೆ. ಬದನೆಕಾಯಿಗೆ ಮಸಾಲೆ ತುಂಬುವ ಹೊತ್ತಿಗೆ ರೈಲು ಬೆಳಕಿಗೆ ಬಂದಿತ್ತು, ಭಯ ಇಳಿದಿತ್ತು. ಸಂತೋಷಕ್ಕೆ ಅಳು ಬಂತು. ಬಾಗಿಲಲ್ಲಿ ನನ್ನನ್ನು ಕಂಡು ಗಿರಿಜಾಳೂ ಅತ್ತಳು.

ಗೆದ್ದದ್ದು ತಾವು ಆರಿಸಿದ ಮೂರನೆಯ ಥೆರಪಿಯೇ ಎಂದು ನಮ್ಮವರು, ಶಿವನೇ ಎಂದು ಅವ್ವ. ಟೋವಾ ಪಾಯೋದ ಮೇಡಮ್ ಮಾತ್ರ ಎಲ್ಲ ಕೇಳಿ, “ಆ ಬುಟ್ಟಿಯೂ ಒಂದು ಆಸರೆಯೇ. ಮುಂದಿನ ಸಲ ಅದೇ ಮನೆಗೆ ಬರಿಗೈಯಲ್ಲಿ ಹೋಗಿಬನ್ನಿ” ಎಂದು ಹೋಮ್‌ವರ್ಕ್ ಕೊಟ್ಟರು.

ಗಿರಿಜಾಳಿಗೆ ಹೆಣ್ಣುಮಗು ಹುಟ್ಟಿದ ಮೇಲೆ ಹೊರಟೆ. ನೀರಿನ ಬಾಟಲಿಯಿಲ್ಲ, ವಿಭೂತಿಯಿಲ್ಲ, ಗಂಡನಿಲ್ಲ, ಕೈಯಲ್ಲಿ ಏನೂ ಇಲ್ಲ. ಲಿಫ್ಟು ದಾಟಿದೆ, ಬಸ್‌ಸ್ಟಾಪು ದಾಟಿದೆ. ಸ್ಟೇಷನ್ನಿನ ಹತ್ತಿರ ಬಂದಾಗ ಅಂಗೈ ಬೆವರಿತು, ಎದೆ ಹಳೆಯ ಡವಡವ ಶುರುಮಾಡಿತು. ಸುರಂಗದ ನೆನಪಿಗಲ್ಲ. ಬಾಣಂತಿ ಇರುವ, ಕೂಸು ಇರುವ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆ? ಮೇಡಮ್ ಹೇಳಿದಂತೆ ಓಡದೆ ಅಲ್ಲೇ ನಿಂತೆ. ಭಯ ಏರಿತೇ ಹೊರತು ಇಳಿಯಲಿಲ್ಲ. ಕೊನೆಗೆ ಪಕ್ಕದ ಅಂಗಡಿಯಲ್ಲಿ ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡೆ ನೋಡಿ, ಎದೆ ತಣ್ಣಗಾಯಿತು. ಆಮೇಲೆ ಸುರಂಗ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ.

ಈಗ ಬರಿಗೈ ಭಯಕ್ಕೆ ಯಾವ ಥೆರಪಿ ಒಳ್ಳೆಯದೆಂದು ನಮ್ಮವರು ಮತ್ತೆ ಹೋಲಿಸುತ್ತಿದ್ದಾರೆ. ಅದೊಂದು ಇರಲಿ ಬಿಡ್ರೀ ಎಂದಿದ್ದೇನೆ.