ಬಿಗಿಯಾಗಿ ಸುತ್ತಿದ ದಾರ

ಕ್ಯಾನ್ಸರ್ ಮಾತು ಬಂದಾಗ ನಗಬಾರದು ಅಂತ ಎಲ್ಲರಿಗೂ ಗೊತ್ತು. ಆದರೂ ಅದರ ಬಗ್ಗೆ ನಾನು ಬಾಯಿ ತೆರೆದಾಗೆಲ್ಲ ಏನಾದರೊಂದು ಆಗಿಯೇ ಆಗುತ್ತದೆ.

೧. ಪರೀಕ್ಷೆಗಿಲ್ಲದ ಪಾಠ

ಎರಡು ಸಾವಿರದ ಇಸವಿಯ ಆಚೀಚೆ ಸೇಡಂನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತಿದ್ದೆ. ಒಂದು ದಿನ ದರ್ಜಿಯ ಅಂಗಡಿಯಿಂದ ದಾರದ ರೀಲುಗಳನ್ನು ತಂದು ಮೇಜಿನ ಮೇಲಿಟ್ಟೆ. ಜೀವಕೋಶದೊಳಗೆ ಡಿಎನ್‌ಎ ಹೀಗೇ ಹಿಸ್ಟೋನ್ ಎಂಬ ಪ್ರೋಟೀನಿಗೆ ಸುತ್ತಿಕೊಂಡಿರುತ್ತದೆ, ಇದೇ ಕ್ರೊಮ್ಯಾಟಿನ್ ಅಂದೆ. ಸುತ್ತು ಸಡಿಲಾದ ಕಡೆ ಜೀನು ಕೆಲಸ ಮಾಡುತ್ತದೆ, ಬಿಗಿಯಾದ ಕಡೆ ಸುಮ್ಮನಿರುತ್ತದೆ. ಕ್ಯಾನ್ಸರ್ ಕೋಶದಲ್ಲಿ ಈ ಬಿಗಿ-ಸಡಿಲು ಹದ ತಪ್ಪುತ್ತದೆ. ಬೆಳವಣಿಗೆಯನ್ನು ತಡೆಯುವ ಜೀನು ಕೆಡದೆ ಇದ್ದರೂ ಬಿಗಿದು ಮುಚ್ಚಿಹೋಗಬಹುದು. ತರಗತಿ ಉಸಿರು ಹಿಡಿದು ಕೇಳುತ್ತಿತ್ತು. ಆಡಕಿ ಊರಿನ ಹುಡುಗಿಯೊಬ್ಬಳು ಎದ್ದು, ‘ಸರ, ಇದು ಪರೀಕ್ಷಾಕ್ಕ ಬರ್ತದೇನ್ರಿ?’ ಅಂದಳು. ಇಲ್ಲ ಅಂದೆ. ನಲವತ್ತು ನೋಟ್‌ಬುಕ್ಕುಗಳು ಒಟ್ಟಿಗೇ ಮುಚ್ಚಿದವು.

೨. ವಾಡಿ ಸ್ಟೇಷನ್

ಕೆಲವು ವರ್ಷಗಳ ಮೇಲೆ ಶಹಾಬಾದಿನಲ್ಲಿದ್ದ ನಮ್ಮಕ್ಕನ ಎದೆಯಲ್ಲಿ ಗಂಟು ಕಾಣಿಸಿತು. ಹೈದರಾಬಾದಿನಲ್ಲಿ ಆಪರೇಷನ್ ಆಯಿತು. ಕ್ಯಾನ್ಸರ್ ಬಗಲಿಗೂ ಹಬ್ಬಿದೆಯೋ ಇಲ್ಲವೋ ಎಂಬ ರಿಪೋರ್ಟಿಗಾಗಿ ನಾನು, ಅಕ್ಕ, ಭಾವ ಮತ್ತೆ ಹೊರಟು ವಾಡಿಯಲ್ಲಿ ಗಾಡಿ ಕಾಯುತ್ತಿದ್ದೆವು. ಅಕ್ಕನಿಗೆ ತನಗಿಂತ ಮಗಳದೇ ಚಿಂತೆ. ಚಿಂಚೋಳಿಯ ಕಡೆ ಆಕೆಯ ಮದುವೆಯ ಮಾತು ನಡೆದಿತ್ತು.

‘ತಮ್ಮಾ, ಇದು ನನ್ನಿಂದ ಆಕಿಗೂ ಹೋಗ್ತದೇನು?’

ಬಹಳ ಜನರಿಗೆ ಇದು ತಾಯಿಯಿಂದ ಬಂದದ್ದಲ್ಲ ಅಂತ ಶುರು ಮಾಡಿ, ದಾರ, ರೀಲು, ಬಿಗಿ, ಸಡಿಲು ಎಲ್ಲ ಹೇಳಿದೆ. ಪಕ್ಕದಲ್ಲಿ ಕೂತಿದ್ದ ಬಳೆ ವ್ಯಾಪಾರದ ಸಾಹೇಬರು ಸಹ ತಲೆದೂಗುತ್ತ ಕೇಳಿದರು. ನಾನು ಮುಗಿಸಿದ ಮೇಲೆ ನಿಧಾನಕ್ಕೆ ಅಂದರು:

‘ಭಾಳ ಛಲೋ ಹೇಳಿದ್ರಿ ಮಾಸ್ತರ್. ಆದ್ರ ಹೈದರಾಬಾದ್ ಗಾಡಿ ಆ ಕಡಿ ಪ್ಲಾಟ್‌ಫಾರ್ಮಿನಿಂದ ಹೋಗಿ ಹತ್ತು ಮಿನಿಟ್ ಆತ್ರಿ.’

೩. ಡಾಕ್ಟರ ಕೋಣೆ

ಮುಂದಿನ ಗಾಡಿಗೆ ಹೋದೆವು. ಡಾಕ್ಟರು ನಮ್ಮ ಸೇಡಂ ತಾಲೂಕಿನ ಮುಧೋಳದ ಕಡೆಯವರೇ, ಆದರೆ ನಗುವುದು ಕಡಿಮೆ. ರಿಪೋರ್ಟನ್ನು ಎರಡು ಸಲ ಓದಿದರು. ಅಕ್ಕ ನನ್ನ ಮುಂಗೈ ಹಿಡಿದಿದ್ದಳು. ಆಕೆಯ ಉಗುರು ಚರ್ಮಕ್ಕಿಳಿದಿದ್ದು ನನಗೆ ಆಮೇಲೆ ಗೊತ್ತಾಯಿತು.

‘ಬಗಲಿಗೆ ಹಬ್ಬಿಲ್ಲ’ ಅಂದರು.

ಭಾವ ಕಣ್ಣೊರೆಸಿಕೊಂಡರು. ಅಕ್ಕ ಮಗಳ ಮಾತೆತ್ತಿದಳು. ಮನೆತನದಲ್ಲಿ ಬೇರೆ ಯಾರಿಗೂ ಇಲ್ಲವಲ್ಲ, ಅಷ್ಟು ಹೆದರಬೇಡಿ, ಆದರೂ ಆಕೆ ನಲವತ್ತರ ಹತ್ತಿರ ಬಂದಾಗ ತಪಾಸಣೆ ಮಾಡಿಸುತ್ತಿರಲಿ ಅಂದ ಡಾಕ್ಟರು, ಮತ್ತೇನಾದರೂ ಕೇಳುವುದಿದೆಯಾ ಅಂದರು.

ಬಿಗಿದುಹೋದ ಜೀನು ಸಡಿಲ ಮಾಡುವ ಔಷಧ ಬಂದಿದೆಯಾ ಅಂತ ಅಕ್ಕ ಕೇಳಿದಳು. ಡಾಕ್ಟರು ನನ್ನತ್ತ ನೋಡಿದರು. ಒಂದೆರಡು ಬೇರೆ ಥರದ ಕ್ಯಾನ್ಸರಿಗೆ ಈಗೀಗ ಬರುತ್ತಿವೆ, ನಿಮಗೆ ಬೇಕಾಗಿಲ್ಲ ಅಂದರು.

‘ನನಗಲ್ರಿ. ನಮ್ಮ ಮನಿಯವರಿಗೆ ಶಾಣ್ಯಾತನ ಅದ, ಇಲ್ಲಂತಲ್ಲ. ಮೂವತ್ತು ವರ್ಷದಿಂದ ಬಿಗದು ಕುಂತದ. ಅದನ್ನೇನರ ಬಿಚ್ಚತದೇನ್ರಿ?’

ಭಾವ ಫ್ಯಾನ್ ನೋಡತೊಡಗಿದರು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ಅದಕ್ಕಿನ್ನೂ ಬಂದಿಲ್ಲಮ್ಮ. ಬಂದ್ರ ಮೊದಲ್ನೇ ಬಾಟ್ಲಿ ನನ್ನ ಹೆಂಡತೀನೇ ಒಯ್ತಾಳ.’